ಮೂರಡಿ ದೂರದ ಪತ್ತೇದಾರ

ಪತ್ತೇದಾರ ಎಂದರೆ ನಮ್ಮ ಹಿರಿಯರಿಗೆ ಎನ್. ನರಸಿಂಹಯ್ಯನವರ ಕಾದಂಬರಿಗಳ ಪುರುಷೋತ್ತಮ ನೆನಪಾಗುತ್ತಾನೆ. ನಾನು ಮಾಡುವ ಪತ್ತೇದಾರನ ಜಾಯಮಾನ ಬೇರೆ. 1941ರ ‘ದಿ ಮಾಲ್ಟೀಸ್ ಫಾಲ್ಕನ್’ ಸಿನಿಮಾದಲ್ಲಿ ಹಂಫ್ರಿ ಬೊಗಾರ್ಟ್ ಮಾಡಿದ ಪಾತ್ರದಂತೆ, ಹ್ಯಾಟು ಹಾಕಿಕೊಂಡು ಎಲ್ಲರನ್ನೂ ಅನುಮಾನಿಸುವವನು. ಇಂಥ ಕತ್ತಲು–ನೆರಳಿನ ಅಪರಾಧ ಕಥೆಗಳಿಗೆ ‘ನ್ವಾರ್’ ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಕಪ್ಪು.

ನಮ್ಮ ನಾಟಕಕ್ಕೆ ವೇದಿಕೆಯಿಲ್ಲ. ಹಳೆ ಮನೆಯ ಒಂದು ಕೋಣೆ, ಒಂದು ಟೇಬಲ್ ಲ್ಯಾಂಪು, ಹನ್ನೆರಡು ಮಂದಿ ಪ್ರೇಕ್ಷಕರು. ಅವರೇ ಸಾಕ್ಷಿಗಳು, ಅವರೇ ಶಂಕಿತರು. ನ್ಯೂಯಾರ್ಕಿನಲ್ಲಿ 2011ರಿಂದ 2025ರ ಜನವರಿವರೆಗೆ ಪ್ರದರ್ಶನ ಕಂಡ ‘ಸ್ಲೀಪ್ ನೋ ಮೋರ್’ನಲ್ಲಿ ಪ್ರೇಕ್ಷಕರು ಮುಖವಾಡ ಹಾಕಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ನಮ್ಮಲ್ಲಿ ಆ ಮರೆಯೂ ಇಲ್ಲ. ಮೂರಡಿ ದೂರದಲ್ಲಿ ಕೂತು ನಾನು ಪ್ರಶ್ನೆ ಕೇಳುತ್ತೇನೆ.

ಒಂದು ಸಂಜೆ ಎಂದಿನಂತೆ, ‘ಕೊನೆಯ ಸಲ ಸುಳ್ಳು ಹೇಳಿದ್ದು ಯಾರಿಗೆ?’ ಎಂದು ಕೇಳಿದೆ. ನನ್ನ ವಯಸ್ಸಿನವನೇ ಒಬ್ಬ ತಲೆತಗ್ಗಿಸಿ, ‘ಅಮ್ಮನಿಗೆ. ಕೆಲಸ ಸಿಕ್ಕಿದೆ ಅಂತ’ ಎಂದ. ಅದು ನಾಟಕದ ಮಾತಾಗಿರಲಿಲ್ಲ. ಕೋಣೆ ಸ್ತಬ್ಧವಾಯಿತು. ಕೆದಕಿದ್ದರೆ ದೃಶ್ಯ ಇನ್ನೂ ಕಾವೇರುತ್ತಿತ್ತು. ನಾನು ಲ್ಯಾಂಪನ್ನು ಅವನ ಮುಖದಿಂದ ಆಚೆ ತಿರುಗಿಸಿ, ‘ಈ ಕೇಸಿಗೂ ಅದಕ್ಕೂ ಸಂಬಂಧವಿಲ್ಲ, ಬಿಡಿ’ ಎಂದು ಮುಂದಿನವರತ್ತ ಹೊರಳಿದೆ.

ಈ ಬಗೆಯ ರಂಗಭೂಮಿಯ ನಿಜವಾದ ಪರೀಕ್ಷೆ ಇಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ದೊಡ್ಡ ರಂಗಮಂದಿರದಲ್ಲಿ ಕೊನೆಯ ಸಾಲಿಗೂ ಕೇಳುವಂತೆ ಮಾತಾಡುವುದನ್ನು ಕಲಿಯುತ್ತೇವೆ. ಕೋಣೆಯಲ್ಲಿ ಕಲಿಯಬೇಕಾದದ್ದು ಕೇಳಿಸಿಕೊಳ್ಳುವುದನ್ನು. ಟಿಕೆಟ್ ಕೊಂಡವನು ನಾಟಕ ನೋಡಲು ಒಪ್ಪಿದ್ದಾನೆಯೇ ಹೊರತು ತನ್ನ ಗುಟ್ಟನ್ನು ನಮ್ಮ ಕೈಗಿಡಲು ಅಲ್ಲ. ಗುಂಪು ಚರ್ಚೆ, ಸಂದರ್ಶನ ಎಂದು ದಿನವೂ ಪ್ರಶ್ನೆ ಎದುರಿಸುವ ನಮಗೆ, ಪ್ರಶ್ನೆ ಕೇಳುವವನ ಕೈಯಲ್ಲಿ ಎಷ್ಟು ಅಧಿಕಾರವಿದೆ ಎಂಬುದು ಗೊತ್ತೇ ಇದೆ.

ಕಾಲೇಜು ತಂಡಗಳು ಇಂಥ ನಾಟಕ ಮಾಡಲಿ. ಖರ್ಚು ಕಡಿಮೆ, ಕಲಿಕೆ ಹೆಚ್ಚು. ಆದರೆ ಆರಂಭದಲ್ಲೇ ಪ್ರೇಕ್ಷಕರಿಗೆ ಹೇಳಿಬಿಡಿ: ಉತ್ತರಿಸಲು ಇಷ್ಟವಿಲ್ಲದಿದ್ದರೆ ಕೈ ಎತ್ತಿದರೆ ಸಾಕು, ಕಾರಣ ಯಾರೂ ಕೇಳುವುದಿಲ್ಲ. ಅಪ್ಪಣೆಯಿಲ್ಲದೆ ಯಾರನ್ನೂ ಮುಟ್ಟಬೇಡಿ. ಇಷ್ಟರಿಂದ ಕಥೆಯ ರಹಸ್ಯವೇನೂ ಕೆಡುವುದಿಲ್ಲ. ಬಂದವರು ನಿಶ್ಚಿಂತೆಯಿಂದ ಆಟಕ್ಕಿಳಿಯುತ್ತಾರೆ.