ಮತ್ತೇನ್ ಸಮಾಚಾರ?

ಇಬ್ಬರು ಗೆಳತಿಯರು ಒಂದು ಗಂಟೆ ಮಾತಾಡಿ, ಇನ್ನೇನು ಎಲ್ಲ ಮುಗೀತು ಅನ್ನುವಾಗ ‘ಮತ್ತೇನ್ ಸಮಾಚಾರ?’ ಅಂತ ಕೇಳ್ತಾರಲ್ಲ, ನಿಜವಾದ ಮಾತು ಶುರುವಾಗೋದೇ ಅಲ್ಲಿಂದ. ಅಲ್ಲಿಯವರೆಗೆ ಆಗಿದ್ದು ಮದುವೆ, ಗೃಹಪ್ರವೇಶ, ಆಪರೇಷನ್, ಮಗನ ಕೆಲಸದ ವಿಷಯ. ಆಮೇಲೆ ಬರೋದು ನೋಡಿ: ಹಾಲಿನವನ ಮಗಳು ಪಿಯುಸಿ ಪಾಸಾದಳಂತೆ, ಹೊಸ ಮಿಕ್ಸಿ ವಿಪರೀತ ಸದ್ದು ಮಾಡುತ್ತೆ, ಹಿಂದಿನ ಬೀದಿಯವರು ಸಂಪಿಗೆ ಮರ ಕಡಿಸಿಬಿಟ್ಟರು.

ದೊಡ್ಡ ಸುದ್ದಿಗೆ ಕಾಲಿದೆ. ಯಾರೂ ಕಳಿಸದಿದ್ದರೂ ನಡೆದು ಬರುತ್ತೆ. ಹಿಂದೆ ಟೆಲಿಗ್ರಾಂನಲ್ಲಿ ಬರ್ತಿತ್ತು. 2013ರ ಜುಲೈನಲ್ಲಿ ಆ ಸೇವೆ ನಿಂತ ಮೇಲೂ ಸಾವು-ನೋವಿನ ಸುದ್ದಿಯೇನು ತಡವಾಗಲಿಲ್ಲ. ಸಣ್ಣ ಸುದ್ದಿಗೆ ಮಾತ್ರ ಹೊತ್ತು ತರುವವರು ಬೇಕು. ಕೇಳುವವರಿಗೆ ಅದರ ಹಿಂದಿನ ಕಥೆಯೂ ಗೊತ್ತಿರಬೇಕು. ಸಂಪಿಗೆ ಮರ ಹೋಯ್ತು ಅನ್ನೋದು ಆ ಮರದ ಹೂ ಮುಡಿದವರಿಗಷ್ಟೇ ಸುದ್ದಿ.

ಇನ್‌ಲ್ಯಾಂಡ್ ಲೆಟರ್ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಮೇಲ್ಗಡೆ ‘ಕ್ಷೇಮ’ ಅಂತ ಬರೆದು, ನಾವೆಲ್ಲ ಆರೋಗ್ಯ, ನಿಮ್ಮ ಆರೋಗ್ಯಕ್ಕೆ ಕಾಗದ ಬರೆಯಿರಿ ಅನ್ನುವುದು ಪದ್ಧತಿ. ಅದನ್ನು ಯಾರೂ ಓದುತ್ತಿರಲಿಲ್ಲ, ಕಣ್ಣು ಹಾಯಿಸಿ ಬಿಡ್ತಿದ್ದರು. ಓದುತ್ತಿದ್ದದ್ದು ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದದ್ದನ್ನು. ಹಸು ಕರು ಹಾಕಿದ್ದು, ಅತ್ತಿಗೆ ಮುನಿಸಿಕೊಂಡಿದ್ದು ಎಲ್ಲ ಆ ಅಂಚಿನಲ್ಲೇ ಇರ್ತಿತ್ತು. ಮಡಚಿ ಅಂಟಿಸುವ ಜಾಗಕ್ಕೂ ಎರಡು ಸಾಲು ತುರುಕಿ, ಹರಿಯುವಾಗ ಅಕ್ಷರ ಕಿತ್ತು ಹೋಗಿ, ಕರು ಗಂಡೋ ಹೆಣ್ಣೋ ಅನ್ನೋದು ಮುಂದಿನ ಕಾಗದದವರೆಗೂ ತಿಳೀತಿರಲಿಲ್ಲ!

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ನಡೆಯೋರು ನಾವು ಐದು ಜನ. ನಡೆಯೋದು ಸಕ್ಕರೆ ಕಾಯಿಲೆಗೆ ಅಂತ ಮನೆಯಲ್ಲಿ ಹೇಳಿದ್ದೇವೆ. ಈ ವರ್ಷ ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬಳು ಮೆಲ್ಬರ್ನ್‌ಗೆ ಹೋದಳು. ಬ್ಯಾಂಕಿನಿಂದ ನಿವೃತ್ತಿಯಾದವಳು, ಯಜಮಾನರು ಹೋಗಿ ಎರಡು ವರ್ಷ. ಒಬ್ಬನೇ ಮಗ, ‘ಬಂದುಬಿಡಮ್ಮಾ’ ಅಂದ. ಮನೆ ಮಾರಿದಳು. ಪಾತ್ರೆ ಹಂಚಿದಳು. ನನ್ನ ಪಾಲಿಗೆ ಕಂಚಿನ ಸಾರಿನ ಪಾತ್ರೆ ಬಂತು, ಈಗ್ಲೂ ಅದರಲ್ಲಿ ಸಾರು ಕುದಿಸೋಕೆ ನನಗೆ ಮನಸ್ಸು ಬಂದಿಲ್ಲ.

ಕೊನೆಯ ದಿನ ಕೆರೆ ಸುತ್ತುವಾಗ ಹೊರಡುವ ಮಾತನ್ನೇ ಯಾರೂ ಎತ್ತಲಿಲ್ಲ. ಹೆಜ್ಜಾರ್ಲೆಗಳು ಎಷ್ಟು ಬಂದಿವೆ ಅಂತ ಎಣಿಸಿದೆವು. ಅವಳ ಮನೆಗೆ ಹೋಗಿ ಅರಿಶಿನ ಕುಂಕುಮ, ರವಿಕೆ ಕಣ, ಎಲೆಅಡಿಕೆ ಕೊಟ್ಟೆವು. ನಮ್ಮಲ್ಲಿ ಬೀಳ್ಕೊಡುಗೆಗೆ ಸರಿಯಾದ ಮಾತೇ ಇಲ್ಲ ನೋಡಿ. ‘ಹೋಗ್ತೀನಿ’ ಅನ್ನಬಾರದು, ‘ಹೋಗ್ಬರ್ತೀನಿ’ ಅನ್ನಬೇಕು. ಹೊರಟವರನ್ನು ‘ಎಲ್ಲಿಗೆ’ ಅಂತಲೂ ಕೇಳಬಾರದು, ‘ದೂರಾನಾ?’ ಅನ್ನಬೇಕು. ಹಾಗಾಗಿ ಕೊನೆಯ ಹತ್ತು ನಿಮಿಷ ಪೂರ್ತಿ ಮೆಂತ್ಯದ ಹಿಟ್ಟಿನ ವಿಷಯವೇ ಆಯ್ತು. ಆಸ್ಟ್ರೇಲಿಯಾದವರು ತಿಂಡಿ-ತಿನಿಸು, ಬೀಜ, ಸೊಪ್ಪಿನ ವಿಷಯದಲ್ಲಿ ಬಲು ಕಟ್ಟುನಿಟ್ಟು, ತಂದದ್ದನ್ನೆಲ್ಲ ಫಾರ್ಮಿನಲ್ಲಿ ಬರೆದು ತೋರಿಸಬೇಕು. ಮೆಂತ್ಯದ ಹಿಟ್ಟಿಗೆ ಇಂಗ್ಲಿಷಿನಲ್ಲಿ ಏನು ಬರೀಬೇಕು ಅಂತ ಐದೂ ಜನ ತಲೆ ಕೆಡಿಸಿಕೊಂಡೆವು.

ಅಲ್ಲಿ ಆಗ ಬೇಸಿಗೆಯ ಗಡಿಯಾರ, ನಮಗಿಂತ ಐದೂವರೆ ಗಂಟೆ ಮುಂದೆ. ನಾವು ಏರಿ ಹತ್ತುವಾಗ ಅವಳಿಗೆ ಮಧ್ಯಾಹ್ನ ಹನ್ನೆರಡು. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯ್ತು, ಅವಳಿಗೆ ಹನ್ನೊಂದಾಯ್ತು. ‘ಒಂದು ಗಂಟೆ ನಿಮಗೆ ಹತ್ತಿರ ಬಂದೆ’ ಅಂತ ವಾಟ್ಸ್ಯಾಪ್‌ನಲ್ಲಿ ಧ್ವನಿ ಕಳಿಸಿದ್ದಳು. ನಮ್ಮ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಗುಲಾಬಿ ಕಾಟ ಇದ್ದದ್ದೇ (ಗುಲಾಬಿ ಕಳಿಸೋದು ಸುದ್ದಿ ಅಲ್ಲ, ಹಾಜರಿ ಅಷ್ಟೆ). ಅದರ ಮಧ್ಯೆ ಅವಳ ಧ್ವನಿ ಬಂದರೆ ಫೋನನ್ನು ಎತ್ತಿ ಹಿಡಿದು ನಾಲ್ಕೂ ಜನ ಕೇಳ್ತಾ ನಡೀತಿದ್ದೆವು. ಟ್ರಾಮ್‌ನಲ್ಲಿ ಪಕ್ಕ ಕೂತ ಅಜ್ಜಿ ಇವಳ ಸೀರೆ ಸೆರಗು ಮುಟ್ಟಿ ನೋಡಿದ್ದು, ಪಕ್ಕದ ಮನೆ ಬೆಕ್ಕು ದಿನಾ ಇವರ ಬಾಗಿಲಲ್ಲೇ ಮಲಗೋದು. ಆ ಬೆಕ್ಕಿಗೆ ಅವಳು ನಮ್ಮ ಹಳೇ ವಾಚ್‌ಮನ್‌ನ ಅಡ್ಡಹೆಸರು ಇಟ್ಟಿದ್ದಳು. ಯಾಕೆ ಅಂತ ನಮಗೆ ಮಾತ್ರ ಗೊತ್ತು.

ಜುಲೈ ಬಂತು, ಅಲ್ಲಿ ಚಳಿಗಾಲ. ಅವಳಿಂದ ಬರುವ ಮಾತು ‘ಎಲ್ಲ ಆರಾಮ್’ ಅನ್ನೋಷ್ಟಕ್ಕೆ ಇಳೀತು. ಮಾರನೇ ದಿನವೂ ಆರಾಮ್. ವಾರವಾದರೂ ಆರಾಮ್. ಗುಂಪಿನಲ್ಲಿರುವ ಮೇಷ್ಟ್ರಮ್ಮ, ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದವಳು, ಏರಿ ಮೇಲೆ ನಿಂತೇಬಿಟ್ಟಳು. ‘ಬೆಕ್ಕಿನ ಸುದ್ದಿ ಬಂದು ಎಷ್ಟು ದಿನ ಆಯ್ತು? ಇವಳಿಗೆ ಏನೋ ಆಗಿದೆ’ ಅಂದವಳೇ ಅಲ್ಲಿಂದಲೇ ಕಾಲ್ ಮಾಡಿದಳು.

ಆಗಿತ್ತು. ಒದ್ದೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿ ಹನ್ನೆರಡು ದಿನ. ದೂರದಲ್ಲಿರೋರಿಗೆ ಯಾಕೆ ಗಾಬರಿ ಮಾಡಿಸೋದು ಅಂತ ಹೇಳಿರಲಿಲ್ಲವಂತೆ. ಮೇಷ್ಟ್ರಮ್ಮ ಚೆನ್ನಾಗಿ ಬೈದಳು. ಬೈಸಿಕೊಂಡ ಮೇಲೆ ಅತ್ತ ಕಡೆಯಿಂದ ಅಳು. ಕೈ ನೋವಿಗಲ್ಲ. ‘ಮಗ ಸೊಸೆ ಬೆಳಿಗ್ಗೆ ಹೋದರೆ ಸಂಜೆ ಬರೋದು. ಚಳಿಗೆ ಬೆಕ್ಕೂ ಹೊರಗೆ ಬರ್ತಿಲ್ಲ. ನನಗಿಲ್ಲಿ ದಿನಾ ಏನೂ ಆಗಲ್ಲ ಕಣ್ರೇ, ನಿಮಗೆ ಏನು ಅಂತ ಹೇಳಲಿ?’

ನಾವು ನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಮೇಷ್ಟ್ರಮ್ಮನೇ ಅಂದಳು, ‘ಇವತ್ತೇನು ಅಡುಗೆ ಮಾಡಿದೆ, ಅದು ಹೇಳು.’

‘ಎಡಗೈಲಿ ಏನ್ ಅಡುಗೆ, ಮೊಸರನ್ನ.’

‘ಒಗ್ಗರಣೆ ಹಾಕಿದ್ಯಾ?’

‘ಹಾಕಿದೆ. ಸಾಸಿವೆ ಅರ್ಧ ನೆಲಕ್ಕೆ ಬಿತ್ತು.’

‘ಮತ್ತೆ ಏನೂ ಆಗಲ್ಲ ಅಂತೀಯಲ್ಲೇ!’

ಒಂದು ಮಾತು ಹೇಳಬೇಕು. ಮೊಸರನ್ನದ ಈ ಮಾತು ಅರ್ಧ ಗಂಟೆ ನಡೀತು, ಅವತ್ತು ನಾವು ಕೆರೆಯ ಅರ್ಧ ಸುತ್ತೂ ಹಾಕಲಿಲ್ಲ. ನಮ್ಮ ಮಗಂದಿರಿಗೆ, ಸೊಸೆಯರಿಗೆ ಇದು ಹರಟೆ. ಡಾಕ್ಟರಿಗೆ ಇದು ನಡಿಗೆ ತಪ್ಪಿಸಲು ನೆಪ. ಇರಲಿ. ಅಮ್ಮಂದಿರನ್ನು ದೂರ ದೇಶಕ್ಕೆ ಕರೆಸಿಕೊಂಡಿರುವ ಮಕ್ಕಳು ಇದನ್ನು ಓದುತ್ತಿದ್ದರೆ, ‘ಅಮ್ಮಾ, ಆರಾಮಾ?’ ಅಂತ ಕೇಳಬೇಡಿ. ಆರಾಮ್ ಅಂತಲೇ ಹೇಳ್ತಾರೆ. ಸಾಸಿವೆ ಎಷ್ಟು ಚೆಲ್ಲಿತು ಅಂತ ಕೇಳಿ.

ಪ್ಲಾಸ್ಟರ್ ಬಿಚ್ಚಿದ್ದಾರೆ. ಕೈ ಇನ್ನೂ ಪೂರ್ತಿ ತಿರುಗಲ್ಲ, ಚಪಾತಿ ಲಟ್ಟಿಸೋದು ಸೊಸೆ ಪಾಲಿಗೆ ಬಂದಿದೆ. ಅಲ್ಲಿನ ನರ್ಸರಿಯಿಂದ ಒಂದು ಕರಿಬೇವಿನ ಗಿಡ ತಂದು ಕುಂಡದಲ್ಲಿಟ್ಟಿದ್ದಾಳೆ. ಚಳಿಗೆ ಎಲೆಯೆಲ್ಲ ಉದುರಿ ಕಡ್ಡಿಯಾಗಿತ್ತು. ನಿನ್ನೆ ಬೆಳಿಗ್ಗೆ ಬಂದ ಧ್ವನಿಯಲ್ಲಿ, ಬುಡದ ಹತ್ತಿರ ಹಸಿರು ಕಾಣ್ತಿದೆ, ಆದರೆ ಅದು ಚಿಗುರೋ ಪಾಚಿಯೋ ಗೊತ್ತಾಗ್ತಿಲ್ಲ ಅಂದಳು. ಫೋಟೋ ಕಳಿಸು ಅಂತ ಕೇಳಿದ್ದೇವೆ.