ಬಾಹ್ಯಾಕಾಶದಲ್ಲಿ ಸ್ಟ್ರೈಕಂತೆ, ಮಣ್ಣಂತೆ!

ಮೊನ್ನೆ ಆಫೀಸಿನಲ್ಲಿ ಒಂದು ದಿನದ ಟ್ರೈನಿಂಗ್ ಇತ್ತು. 'ಟೀಮ್ ನಡೆಸೋದು ಹೇಗೆ' ಅಂತ. ಊಟ ಆದಮೇಲೆ ಎಲ್ಲರೂ ತೂಕಡಿಸೋ ಹೊತ್ತಿಗೆ ಪಾಠ ಮಾಡೋಕೆ ಬಂದಿದ್ದ ಮಹಾನುಭಾವರು ಒಂದು ಕತೆ ಬಿಟ್ಟರು. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣದಲ್ಲಿದ್ದ ಮೂವರು ಗಗನಯಾತ್ರಿಗಳು ಕೆಲಸ ಜಾಸ್ತಿ ಆಯ್ತು ಅಂತ ರೇಡಿಯೋ ಆಫ್ ಮಾಡಿ ಇಡೀ ದಿನ ಮುಷ್ಕರ ಹೂಡಿದರಂತೆ. ಕಿಟಕಿಯಲ್ಲಿ ಭೂಮಿ ನೋಡ್ತಾ ಕೂತರಂತೆ. ಆಮೇಲೆ ಅವರಲ್ಲಿ ಒಬ್ಬರನ್ನೂ ನಾಸಾ ಮತ್ತೆ ಮೇಲೆ ಕಳಿಸಲಿಲ್ಲವಂತೆ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ವಾರ ನಮ್ಮ ಟೀಮು ಮೂರು ರಾತ್ರಿ ನಿದ್ದೆಗೆಟ್ಟಿತ್ತು.

ಈ ಕತೆ ಇವತ್ತಿನದಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರು 1980ರಲ್ಲೇ 'ಸ್ಟ್ರೈಕ್ ಇನ್ ಸ್ಪೇಸ್' ಅಂತ ಪಾಠ ಮಾಡಿಟ್ಟಿದ್ದಾರೆ. ನಮ್ಮಲ್ಲೂ ಎಷ್ಟೋ ಜನ ಇದನ್ನು ಕನ್ನಡಕ್ಕಿಳಿಸಿ ಹಂಚಿದ್ದೇವೆ. ಹಾಗಾದರೆ ಆದದ್ದೇನು?

ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್. ಮೂವರಿಗೂ ಅದೇ ಮೊದಲ ಯಾನ. 1973ರ ನವೆಂಬರ್ 16ಕ್ಕೆ ಹೊರಟು 84 ದಿನ ಇದ್ದು ಬಂದರು. ಅವರಿಗಿಂತ ಮುಂಚೆ 59 ದಿನ ಇದ್ದ ತಂಡ ಒಪ್ಪಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಕೆಲಸ ಮುಗಿಸಿತ್ತು. ಕೆಳಗಿನವರು ಏನು ಮಾಡಿದರು ಗೊತ್ತಾ? ಹಳೇ ತಂಡ ಕೊನೇ ದಿನಗಳಲ್ಲಿ ಓಡುತ್ತಿದ್ದ ವೇಗವನ್ನೇ ಹೊಸಬರ ಮೊದಲ ದಿನದ ವೇಗ ಅಂತ ಹಾಕಿಬಿಟ್ಟರು. ಸಾಮಾನು ಎಲ್ಲಿದೆ ಅಂತ ಹುಡುಕೋದಕ್ಕೇ ಅರ್ಧ ಹೊತ್ತು. ತೂಕವಿಲ್ಲದ ಕಡೆ ಕೈಬಿಟ್ಟ ಸ್ಕ್ರೂ ನೆಲಕ್ಕೆ ಬೀಳೋದಿಲ್ಲ ಸ್ವಾಮೀ, ಮಾಯವಾಗುತ್ತೆ! ಪೋಗ್ ಮೊದಲ ದಿನವೇ ವಾಂತಿ ಮಾಡಿಕೊಂಡರು. ಅದನ್ನು ಕೆಳಗೆ ಹೇಳೋದು ಬೇಡ ಅಂತ ಮೂವರೂ ಮಾತಾಡಿಕೊಂಡದ್ದು ಟೇಪಿನಲ್ಲಿ ರೆಕಾರ್ಡ್ ಆಗಿ ಸಿಕ್ಕಿಬಿದ್ದು ಬೈಸಿಕೊಂಡರು. ತಪ್ಪು ಅವರದೇ, ಇಲ್ಲ ಅನ್ನಲ್ಲ. ಆದರೆ ರಜೆಯ ದಿನವೂ ಬಾಕಿ ಕೆಲಸ ತೀರಿಸುತ್ತಾ, ಕ್ರಿಸ್‌ಮಸ್ ದಿನ ಹೊರಗೆ ಹೋಗಿ ಸುಮಾರು ಏಳು ಗಂಟೆ ದುಡಿದವರನ್ನು ಸೋಮಾರಿಗಳು ಅನ್ನೋದು ಯಾವ ನ್ಯಾಯ?

ಇನ್ನು ಆ ರೇಡಿಯೋ ವಿಷಯ. ಕೆಳಗಿನವರ ಮಾತು ಕೇಳೋಕೆ ಮೂವರೂ ಯಾಕೆ, ಸರದಿ ಮೇಲೆ ಒಬ್ಬರು ಸಾಕು ಅಂದುಕೊಂಡಿದ್ದರು. ಒಂದು ಸಲ ಸರದಿ ಯಾರದು ಅನ್ನೋದೇ ಗೊಂದಲವಾಗಿ ಯಾರೂ ಕಿವಿಗೊಡಲಿಲ್ಲ. ಇಷ್ಟೇ. ಮುಷ್ಕರ ನಡೆಯಲೇ ಇಲ್ಲ ಅಂತ ಗಿಬ್ಸನ್ ಎಷ್ಟು ಸಲ ಹೇಳಿದರೂ ಕೇಳೋರಿಲ್ಲ.

ನಡೆದದ್ದು ಒಂದು ಮಾತುಕತೆ. ಡಿಸೆಂಬರ್ 30ರಂದು ಕಾರ್ ನೇರವಾಗಿ ಕೇಳಿದರು: ನಮ್ಮ ಮೇಲೆ ಇಷ್ಟು ಹೇರಿದರೆ ಆಗಲ್ಲ, ಏನು ಮಾಡೋಣ ಹೇಳಿ. ಕೆಳಗಿನವರೂ ಒಪ್ಪಿದರು (ಇದು ನಾಸಾದ ದೊಡ್ಡತನ, ಹೇಳಲೇಬೇಕು). ಊಟದ ಹೊತ್ತಲ್ಲಿ ಕರೆಯೋದು ನಿಂತಿತು. ಗುಡಿಸೋ ಒರೆಸೋ ಕೆಲಸಗಳನ್ನು ಪುರುಸೊತ್ತಾದಾಗ ಮಾಡಿ ಅಂತ ಪಟ್ಟಿ ಮಾಡಿ ಬಿಟ್ಟರು. ಅದಾದ ಮೇಲೆ ಕೆಲಸ ಕುಂಟಲಿಲ್ಲ, ಓಡಿತು. 1974ರ ಜನವರಿ 21ರಂದು ಸೂರ್ಯನ ಮೇಲೆ ಜ್ವಾಲೆಯೊಂದು ಹುಟ್ಟೋದನ್ನೇ ಗಿಬ್ಸನ್ ಕಾದು ಕೂತು ಸೆರೆಹಿಡಿದರು.

'ಮತ್ತೆ ಕಳಿಸಲೇ ಇಲ್ಲ' ಅಂತೀರಾ? ಸ್ಕೈಲ್ಯಾಬ್ ಆದಮೇಲೆ ಇದ್ದದ್ದು 1975ರ ಅಪೊಲೊ-ಸೊಯುಜ್ ಒಂದೇ, ಅದಕ್ಕೆ ಜನ ಮೊದಲೇ ಆರಿಸಿಯಾಗಿತ್ತು. ಶಟಲ್ ಹಾರಿದ್ದು 1981ರಲ್ಲಿ. ಏಳು ವರ್ಷ ಬಾಗಿಲು ಕಾಯ್ತಾ ಕೂರಬೇಕಿತ್ತಾ?

ನನ್ನ ಸಿಟ್ಟು ಆ ಪಾಠದವರ ಮೇಲೆ ಮಾತ್ರ ಅಲ್ಲ, ನಮ್ಮ ಮೇಲೂ. ನಮಗೆ ಮೇಲಿರೋರು ವೀರರಾಗಿರಬೇಕು, ಇಲ್ಲಾ ಸಿಕ್ಕಿಹಾಕಿಕೊಂಡಿರಬೇಕು. ದುಡಿಯುವವರು ಅಂತ ಒಪ್ಪೋಕೆ ಮನಸ್ಸಿಲ್ಲ. 2024ರಲ್ಲಿ ಸುನೀತಾ ವಿಲಿಯಮ್ಸ್ ಹೋದಾಗ ಟೀವಿಯವರು ಒಂಬತ್ತು ತಿಂಗಳು ಅತ್ತರು. ನಿಲ್ದಾಣದ ಮೂತ್ರ ಶುದ್ಧಿ ಮಾಡೋ ಯಂತ್ರದ ಪಂಪ್ ಕೆಟ್ಟಿತ್ತು ಅಂತ, ಹೊಸ ಪಂಪಿಗೆ ಜಾಗ ಮಾಡೋಕೆ ಅವರ ಮತ್ತು ಬುಚ್ ವಿಲ್ಮೋರ್ ಅವರ ಬಟ್ಟೆಬರೆಯ ಸೂಟ್‌ಕೇಸನ್ನೇ ನೌಕೆಯಿಂದ ಇಳಿಸಿದ್ದರು. ಇದನ್ನು ಎಷ್ಟು ಜನ ಬರೆದೆವು? ಈಗಲೂ ಅಲ್ಲಿ ದಿನದ ವೇಳಾಪಟ್ಟಿಯ ಮೇಲೆ ಒಂದು ಕೆಂಪು ಗೆರೆ ಸರಿಯುತ್ತಾ ಇರುತ್ತೆ. ದಿನಕ್ಕೆ ಎರಡು ಗಂಟೆ ವ್ಯಾಯಾಮ, ವಾರಕ್ಕೊಮ್ಮೆ ವ್ಯಾಕ್ಯೂಮ್ ಹಿಡಿದು ಮನೆ ಕ್ಲೀನಿಂಗು. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಧಾರವಾಡದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ದೂ ಅಂಥದ್ದೇ ವೇಳಾಪಟ್ಟಿಯೊಳಗೆ.

2035ಕ್ಕೆ ನಮ್ಮದೇ ನಿಲ್ದಾಣ ಕಟ್ಟುತ್ತೇವೆ ಅಂತ ಸರ್ಕಾರ ಹೇಳಿದೆ. ಒಳ್ಳೇದು. ಅಲ್ಲಿರೋ ನಮ್ಮ ಹುಡುಗಿಯೋ ಹುಡುಗನೋ 'ಇವತ್ತು ಇಷ್ಟು ಆಗಲ್ಲ ಸಾರ್' ಅಂದರೆ ಕೆಳಗೆ ಯಾರು ಕೇಳಿಸಿಕೊಳ್ತಾರೆ? ಈ ಸ್ಲೈಡ್ ನೋಡಿ ನಕ್ಕವರಾ?

ಟ್ರೈನಿಂಗ್ ಮುಗಿದ ಮೇಲೆ ಆ ಮಹಾನುಭಾವರನ್ನು ಹಿಡಿದು ಇದನ್ನೆಲ್ಲ ಹೇಳಿದೆ. "ಕತೆ ಸುಳ್ಳಾದ್ರೂ ಪಾಯಿಂಟ್ ನಿಜ ಅಲ್ವಾ?" ಅಂದರು. ಯಾವ ಪಾಯಿಂಟು ಅಂತ ಕೇಳೋದರೊಳಗೆ ಟೀ ಬಂತು.