ಹತ್ತುವ ಗೇರಿನಲ್ಲೇ ಇಳಿಯಿರಿ



ಮುಂಬಯಿಯಿಂದ ಊರಿಗೆ ಹೊರಟವರಿಗೆ ಘಾಟ್ ತಪ್ಪಿದ್ದಲ್ಲ. ಹುಬ್ಬಳ್ಳಿ, ಬೆಳಗಾವಿ, ಕಲಬುರ್ಗಿ ಕಡೆಯವರಿಗೆ ಖಂಡಾಳದ ಬೋರ್ ಘಾಟ್. ಉಡುಪಿ, ಮಂಗಳೂರು, ಕಾರವಾರದವರಿಗೆ ಗೋವಾ ರಸ್ತೆಯ ಘಾಟ್‌ಗಳು. ನಿಮ್ಮ ತಂದೆತಾಯಂದಿರು ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ ತಿರುವುಗಳಲ್ಲಿ ಇಂದು ನೀವೇ ಸ್ಟಿಯರಿಂಗ್ ಹಿಡಿದು ಹೋಗುತ್ತೀರಿ. ಕೆಲವರ ಮನೆಯಲ್ಲಿ ಟೆಂಪೊ, ಟ್ರಕ್ಕುಗಳ ವ್ಯವಹಾರವೂ ಇದೆ. ಆದ್ದರಿಂದ ಈ ಸಲ ನಾಟಕ, ನಾಡಹಬ್ಬಗಳನ್ನು ಬದಿಗಿಟ್ಟು ಬ್ರೇಕಿನ ವಿಷಯ ಮಾತಾಡೋಣ.

‘ಬ್ರೇಕ್ ಫೇಲ್’ ಎಂಬ ಮಾತು ಅಪಘಾತವಾದ ಗಳಿಗೆಯಲ್ಲೇ ಹೊರಡುತ್ತದೆ. ತನಿಖೆಯ ವಿವರ ಬರುವ ಹೊತ್ತಿಗೆ ಓದುವವರಿರುವುದಿಲ್ಲ. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಬೆಸ್ಟ್‌ನ ವಿದ್ಯುತ್ ಬಸ್ಸು ಜನರ ಮೇಲೆ ಹರಿದಾಗಲೂ ಮೊದಲು ಕೇಳಿಬಂದದ್ದು ಇದೇ ಮಾತು. ಬಸ್ಸನ್ನು ಪರೀಕ್ಷಿಸಿದ ಆರ್.ಟಿ.ಒ. ಅಧಿಕಾರಿಗಳಿಗೆ ಬ್ರೇಕಿನಲ್ಲಿ ದೋಷ ಕಾಣಲಿಲ್ಲ. ಅದಕ್ಕೂ ಮೊದಲು, 2022ರ ನವೆಂಬರ್ 20ರಂದು, ಪುಣೆಯ ನವಲೆ ಸೇತುವೆಯ ಬಳಿ ಒಂದು ಟ್ರಕ್ಕು ಹಲವು ವಾಹನಗಳಿಗೆ ಬಡಿಯಿತು. ಊರಿಂದ ಮರಳುವಾಗ ಕಾತ್ರಜ್ ಸುರಂಗ ದಾಟಿದ ಮೇಲೆ ಸಿಗುತ್ತದಲ್ಲ, ಅದೇ ಇಳಿಜಾರು. ಡೀಸೆಲ್ ಉಳಿಸಲು ಚಾಲಕ ಎಂಜಿನ್ ಬಂದ್ ಮಾಡಿ ಗಾಡಿಯನ್ನು ಜಾರಲು ಬಿಟ್ಟಿದ್ದನೆಂದು ಪೊಲೀಸರ ಪ್ರಾಥಮಿಕ ತನಿಖೆ ಹೇಳಿತು. 2025ರ ಜುಲೈ 26ರಂದು ಎಕ್ಸ್‌ಪ್ರೆಸ್‌ ವೇಯಲ್ಲಿ, ಖೋಪೋಲಿಯ ಹತ್ತಿರ, ಹತೋಟಿ ತಪ್ಪಿದ ಕಂಟೇನರ್ ಟ್ರೈಲರ್ ಸುಮಾರು ಇಪ್ಪತ್ತು ವಾಹನಗಳನ್ನು ಜಜ್ಜಿತು.

ಇಳಿಜಾರಿನಲ್ಲಿ ನಡೆಯುವುದೇನು? ಖಂಡಾಳದಿಂದ ಖೋಪೋಲಿಗೆ ಬರುವಷ್ಟರಲ್ಲಿ ಗಾಡಿ ಸುಮಾರು 500 ಮೀಟರ್ ಕೆಳಗಿಳಿಯುತ್ತದೆ. ನಿಮ್ಮ ಶಾಲೆಯ ಭೌತಶಾಸ್ತ್ರ ನೆನಪಿದ್ದರೆ ಲೆಕ್ಕ ಹಾಕಿ: 40 ಟನ್ನಿನ ಟ್ರೈಲರ್ ಅಷ್ಟು ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯೆಲ್ಲ ಶಾಖವಾದರೆ ಅದರಲ್ಲಿ 600 ಲೀಟರ್ ತಣ್ಣೀರನ್ನು ಕುದಿಸಬಹುದು. ಎಂಜಿನ್ ತನ್ನ ಪಾಲು ಹೊತ್ತರೆ ಸರಿ. ಇಲ್ಲದಿದ್ದರೆ ಆ ಕಾವೆಲ್ಲ ಚಕ್ರದೊಳಗಿನ ಡ್ರಮ್ಮು, ಲೈನಿಂಗುಗಳಿಗೇ. ಕಾದ ಡ್ರಮ್ಮು ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕುಗ್ಗುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ. ಕೊನೆಗೆ ಪೆಡಲನ್ನು ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ವಿಚಿತ್ರವೆಂದರೆ, ತಣ್ಣಗಾದ ಮೇಲೆ ಪರೀಕ್ಷಿಸಿದರೆ ಅದೇ ಬ್ರೇಕು ಚೆನ್ನಾಗಿ ಹಿಡಿದೀತು.

ಅದಕ್ಕೇ ಹಳಬ ಚಾಲಕರು ಹೇಳುವುದು, ಯಾವ ಗೇರಿನಲ್ಲಿ ಘಾಟ್ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು. ಇಂದಿನ ಬಲವಾದ ಎಂಜಿನ್ನುಗಳು ಮೇಲಿನ ಗೇರಿನಲ್ಲೂ ಸಲೀಸಾಗಿ ಹತ್ತುತ್ತವೆ. ಹಾಗಾಗಿ ಅದಕ್ಕಿಂತ ಒಂದು ಗೇರು ಕೆಳಗಿದ್ದರೂ ನಷ್ಟವಿಲ್ಲ. ಆ ಗೇರನ್ನು ಹಾಕಬೇಕಾದದ್ದು ಇಳಿಜಾರು ಶುರುವಾಗುವ ಮೊದಲು. ಅರ್ಧ ದಾರಿಯಲ್ಲಿ, ವೇಗ ಏರಿದ ಮೇಲೆ, ಟ್ರಕ್ಕಿನ ಗೇರು ತಪ್ಪಿಸಿದರೆ ಮತ್ತೆ ಬೀಳದೆ ಗಾಡಿ ನ್ಯೂಟ್ರಲ್‌ನಲ್ಲೇ ಉಳಿಯುವ ಭಯವಿದೆ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಬಳಸಿ. ಕಾಲನ್ನು ಪೆಡಲ್ ಮೇಲೆ ಸದಾ ಇಟ್ಟುಕೊಂಡು ಇಳಿಯಬೇಡಿ. ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಕಾಲು ತೆಗೆಯಿರಿ.

ನ್ಯೂಟ್ರಲ್ ಮಾಡಿ, ಎಂಜಿನ್ ಬಂದ್ ಮಾಡಿ ಇಳಿಯುವವರನ್ನು ಬೈಯುವುದು ಸುಲಭ. ಆದರೆ ಒಂದು ಟ್ರಿಪ್ಪಿಗೆ ಇಷ್ಟೇ ಡೀಸೆಲ್ ಎಂದು ಮಾಲೀಕ ಕೈಯಳತೆ ಹಾಕಿಕೊಟ್ಟಾಗ, ಉಳಿದದ್ದು ತನ್ನದೆಂದು ಚಾಲಕ ಎಣಿಸುವುದು ಸಹಜವೇ. ಎಂಜಿನ್ ನಿಂತರೆ ಕಂಪ್ರೆಸರ್ ನಿಲ್ಲುತ್ತದೆ, ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ, ಸ್ಟಿಯರಿಂಗ್ ಕಲ್ಲಾಗುತ್ತದೆ. ಹಾಗೆ ಉಳಿದ ಎರಡು ಲೀಟರ್ ಡೀಸೆಲ್ ಯಾರ ಲೆಕ್ಕಕ್ಕೆ? ನಿಮ್ಮ ಮನೆಯ ಗಾಡಿಗಳಿದ್ದರೆ ತಂದೆಯವರೊಂದಿಗೆ ಈ ವಿಷಯ ಎತ್ತಿ. ಬ್ರೇಕ್ ಲೈನಿಂಗ್ ಬದಲಿಸುವ ಖರ್ಚನ್ನು ಮುಂದಿನ ತಿಂಗಳಿಗೆ ದೂಡುವ ಅಭ್ಯಾಸದ ಬಗ್ಗೆಯೂ ಕೇಳಿ. ಕೊಂಚ ಮುಜುಗರವಾದೀತು, ಆಗಲಿ.

ಇಷ್ಟಾಗಿಯೂ ಬ್ರೇಕ್ ಕೈಕೊಟ್ಟರೆ? ಗೇರಿನಲ್ಲೇ ಇರಿ, ಕ್ಲಚ್ ತುಳಿಯಬೇಡಿ, ಚಾವಿ ಮುಟ್ಟಬೇಡಿ. ಗೇರನ್ನು ಒಂದೊಂದಾಗಿ, ಬೀಳುವಷ್ಟು ವೇಗವಿದ್ದಾಗ ಮಾತ್ರ, ಕೆಳಗಿಳಿಸಿ. ಕಾರು ಮತ್ತು ‘ಛೋಟಾ ಹಾಥಿ’ಯಂಥ ಸಣ್ಣ ಟೆಂಪೊಗಳಲ್ಲಿ ಬ್ರೇಕ್ ಆಯಿಲ್‌ನದು, ಅಲ್ಲಿ ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಒತ್ತಿದರೆ ಒತ್ತಡ ಮರಳಬಹುದು. ದೊಡ್ಡ ಟ್ರಕ್ಕಿನಲ್ಲಿ ಹಾಗೆ ಮಾಡಬಾರದು. ಅದು ಗಾಳಿಯ ಬ್ರೇಕ್. ಒತ್ತಿದಷ್ಟೂ ಟ್ಯಾಂಕಿನ ಗಾಳಿ ಖಾಲಿ. ಗಾಳಿಯ ಮುಳ್ಳು ಇಳಿದು ಬಜರ್ ಕೂಗಿತೆಂದರೆ ಬ್ರೇಕ್ ಇನ್ನೂ ಇರುವಾಗಲೇ ನಿಲ್ಲಿಸಿಬಿಡಿ. ಕಾರಿನ ಹ್ಯಾಂಡ್‌ಬ್ರೇಕನ್ನು ಗುಂಡಿ ಅದುಮಿಕೊಂಡೇ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆ. ಟ್ರಕ್ಕಿನ ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಅದೇ ಕಾದ ಡ್ರಮ್ಮನ್ನು, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಹಾರ್ನ್ ಬಿಡದೆ ಒತ್ತಿ, ಹೆಡ್‌ಲೈಟ್ ಹಾಕಿ. ಏರು ರಸ್ತೆ, ಮರಳಿನ ರಾಶಿ, ಉಳುಮೆಯ ಹೊಲ ಸಿಕ್ಕರೆ ಅತ್ತ ತಿರುಗಿಸಿ. ಏನೂ ಇಲ್ಲದಿದ್ದರೆ ಗುಡ್ಡದ ಬದಿಗೆ, ಇಲ್ಲವೇ ಕಟ್ಟೆಗೆ, ಗಾಡಿಯ ಪಕ್ಕೆಯನ್ನು ಉಜ್ಜುತ್ತ ವೇಗ ಕಳೆಯಬೇಕು. ಗಾಡಿ ಹಾಳಾದೀತು, ಆಗಲಿ, ಮುಂದಿರುವುದು ಜನ. ಹಾರಿಕೊಂಡರೆ ಗಾಡಿ ಯಾರ ಹಿಡಿತಕ್ಕೂ ಸಿಗದು.

ರೈಲಿನವರಿಗೆ ಈ ಘಾಟಿನ ಮೇಲೆ ನಮಗಿಂತ ಹೆಚ್ಚು ಭಯಭಕ್ತಿ. 1863ರಲ್ಲಿ ಬೋರ್ ಘಾಟಿನ ಹಳಿ ತೆರೆದುಕೊಂಡಿತು. ಇಳಿಜಾರು ಕೆಲವೆಡೆ 37 ಅಡಿಗೆ ಒಂದಡಿ. ಹತೋಟಿ ತಪ್ಪಿದ ರೈಲನ್ನು ತಿರುಗಿಸಿ ನಿಲ್ಲಿಸಲೆಂದೇ ಅಲ್ಲಿ ಕ್ಯಾಚ್ ಸೈಡಿಂಗ್ ಎಂಬ ಏರುಹಳಿಗಳಿವೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ಸುಮ್ಮನೆ ಮೊಬೈಲ್ ನೋಡುವ ಬದಲು ಕಿಟಕಿಯಾಚೆ ಹುಡುಕಿ ನೋಡಿ.

ಇನ್ನು ಕಾರು, ಬೈಕುಗಳವರು. ಲೋಣಾವಳದಿಂದ ಮರಳುವಾಗ ಇಳಿಯುತ್ತಿರುವ ಟ್ರಕ್ಕಿನ ಮುಂದೆ ನುಗ್ಗಿ ಬ್ರೇಕ್ ಹಾಕುವ ಹುಡುಗರನ್ನು ನೀವೂ ಕಂಡಿದ್ದೀರಿ. ಅವನು ಬಿಟ್ಟಿದ್ದ ಖಾಲಿ ಜಾಗ ನಿಮಗಾಗಿ ಅಲ್ಲ, ತಾನು ನಿಲ್ಲುವುದಕ್ಕಾಗಿ. ಘಾಟ್ ಮುಗಿದ ಮೇಲಿನ ಖಾಲಾಪುರ ಟೋಲ್ ನಾಕಾದಲ್ಲಿ ಸಾಲು ನಿಂತಾಗಲೂ ಒಂದು ಕಣ್ಣು ಹಿಂದಿನ ಕನ್ನಡಿಯ ಮೇಲಿರಲಿ. ಹಿಂದಿನಿಂದ ನಿಲ್ಲದ ಹಾರ್ನ್ ಕೇಳಿದರೆ ಬೈಯುತ್ತ ಕೂರದೆ ದಾರಿ ಬಿಡಿ.

ಗಾಡಿ ಹೇಗೋ ನಿಂತಿತೆನ್ನಿ. ಚಕ್ರಕ್ಕೆ ಕಲ್ಲು ಕೊಡಿ. ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ, ಜನರನ್ನು ಕಟ್ಟೆಯಾಚೆ ನಿಲ್ಲಿಸಿ. ಕಾದ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಟ್ಟೀತು, ತಾನಾಗಿ ತಣಿಯಲಿ. 112ಕ್ಕೆ ಫೋನ್ ಮಾಡುವ ಮೊದಲು ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿಟ್ಟುಕೊಳ್ಳಿ, ಅವರು ಮೊದಲು ಕೇಳುವುದು ನೀವೆಲ್ಲಿದ್ದೀರಿ ಎಂದೇ.